ಮಾ ಅನ್ನಲಾ, ಮನ ಅನ್ನಲಾ

ಗೌಡಗೆರೆ, ಶಿರಾ ತಾಲ್ಲೂಕು
(ಜಿಲ್ಲೆ ಯಾವುದೆಂದು ಬರೆಯುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ)
9 ನವೆಂಬರ್ 2025, ಭಾನುವಾರ

ಸೌಭಾಗ್ಯವತಿ ಅನಸೂಯಳಿಗೆ,

ದಿವಂಗತ ಸಣ್ಣರಂಗಯ್ಯನವರ ಹೆಂಡತಿ, ಮಧುಗಿರಿಯಲ್ಲಿ ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು, ಊರಿನ ಹಾಲಿನ ಸಂಘದ ಅಧ್ಯಕ್ಷೆ, ನಿನ್ನ ಅತ್ತೆ ಲಕ್ಕಮ್ಮ ಬರೆಯುವುದು. ಆರೋಗ್ಯವೇ? ನಿಮ್ಮಮ್ಮ ಲಕ್ಷ್ಮೀದೇವಮ್ಮನವರ ಕಣ್ಣು ಹೇಗಿದೆ, ಪೊರೆ ತೆಗೆಸಲು ದಿನ ಗೊತ್ತಾಯಿತೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಮೋಹನನೂ ಚೆನ್ನಾಗಿದ್ದಾನೆ, ಅಂದರೆ ಡ್ಯೂಟಿಗೆ ಹೋಗುತ್ತಾನೆ, ಬರುತ್ತಾನೆ, ಉಣ್ಣುವಾಗ ಗೋಡೆ ನೋಡುತ್ತಾನೆ. ಕಡಲೆಕಾಯಿ ಕಿತ್ತಾಯಿತು. ನೀನು ಸಾಕಿದ ಕುಂಟುಮೇಕೆ ನನ್ನ ಕೈಯಿಂದ ಸೊಪ್ಪು ತಿನ್ನುವುದಿಲ್ಲ, ಅದಕ್ಕೂ ಅಹಂಕಾರ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಪಾವಗಡದ ಬಸ್ಸಿಗೆ ಕಂಡಕ್ಟರ್ ಆದವನು ನಿನಗೆ ಗಂಡನಾಗಿದ್ದಾನೆ, ಇದನ್ನಾದರೂ ತಲುಪಿಸಲಿ.

ಕೋಪ ತೀರಿಸಿಕೊಳ್ಳಲು ಬರೆಯುತ್ತಿಲ್ಲ. ಒಂದು ವಿಷಯ ಅರ್ಥವಾಗುತ್ತಿಲ್ಲ, ಕೇಳಲು ಬರೆಯುತ್ತಿದ್ದೇನೆ. ಪಾವಗಡ ತಾಲ್ಲೂಕಿನ ನಿಮ್ಮೂರು ರಾಯಚರ್ಲಿನ ಸಭೆಯಲ್ಲಿ ಆದದ್ದನ್ನು ನನಗೆ ನೆನಪಿರುವಂತೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕನ್ನೂ ಸೇರಿಸಿ ಬೇರೆ ಜಿಲ್ಲೆ ಮಾಡಿ ಎಂದು ಕೇಳುವ ಸಮಿತಿಯವರು ನನ್ನನ್ನು ಮಾತಾಡಲು ಕರೆದರು. ನಿನ್ನ ತವರಿನ ಜನ ತೆಲುಗು ಆಡುವವರು, ಅದಕ್ಕೆ ನನ್ನ ಮಾತನ್ನು ತೆಲುಗಿಗೆ ತಿರುಗಿಸಲು ನಿನ್ನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅತ್ತೆಯ ಮಾತನ್ನು ಸೊಸೆ ಚಾಚೂ ತಪ್ಪದೆ ಹೇಳುವುದನ್ನು ನಾಲ್ಕು ಜನ ನೋಡಲಿ ಎಂಬ ಆಸೆಯೂ ಇತ್ತು. ಒಂದೊಂದು ಕೆಲಸಕ್ಕೂ ತುಮಕೂರಿಗೆ ಅಲೆದದ್ದು ಸಾಕು ಎಂದೆ, ನೀನು ಚೆನ್ನಾಗಿಯೇ ಹೇಳಿದೆ. ‘ನಮ್ಮ ಜಿಲ್ಲೆ ನಮಗೆ ಬೇಕು’ ಎಂದೆ. ಅಲ್ಲಿ ನೀನು ನಿಂತುಬಿಟ್ಟೆ. ಮೈಕು ಹಿಡಿದುಕೊಂಡೇ ‘ಅತ್ತೆ, ಯಾವ ನಮ್ಮ? ಮಾ ಅನ್ನಲಾ, ಮನ ಅನ್ನಲಾ?’ ಎಂದು ಕೇಳಿದೆ. ಜನ ನಕ್ಕರು. ‘ನಮ್ಮ ಅಂದ್ರೆ ನಮ್ಮ ಕಣಮ್ಮ, ಅದ್ರಲ್ಲೇನು ಎರಡು? ಬೇಗ ಹೇಳ್ಬುಡು’ ಎಂದೆ ನಾನು. ನೀನು ನನ್ನ ಮುಖ ನೋಡಿ, ಆಮೇಲೆ ಜನರ ಕಡೆ ತಿರುಗಿ ‘ಮಾ ಜಿಲ್ಲಾ ಮಾಕು ಕಾವಾಲ’ ಎಂದೆ. ನಗು ನಿಂತಿತು. ಹಿಂದಿನ ಸಾಲಿನ ಮುದುಕನೊಬ್ಬ ಟವೆಲು ಕೊಡವಿಕೊಂಡು ಎದ್ದು ‘ಅಯಿತೇ ಮೀ ಜಿಲ್ಲಾ ಮೀರೇ ಪೆಟ್ಟುಕೋಂಡಿ’ ಎಂದು ಹೊರಟ. ನಿಮ್ಮ ಜಿಲ್ಲೆ ನೀವೇ ಇಟ್ಟುಕೊಳ್ಳಿ ಎಂದದ್ದು ನನಗೂ ತಿಳಿಯಿತು. ಅವನ ಹಿಂದೆ ಅರ್ಧ ಶಾಮಿಯಾನ ಖಾಲಿ.

ವ್ಯಾನಿನ ಹತ್ತಿರ ನೀನು ಬಿಡಿಸಿ ಹೇಳಿದೆ. ಕೇಳುವವರನ್ನೂ ಸೇರಿಸಿಕೊಂಡ ‘ನಮ್ಮ’ ಆದರೆ ಮನ, ಅವರನ್ನು ಹೊರಗಿಟ್ಟ ‘ನಮ್ಮ’ ಆದರೆ ಮಾ. ಹಾಗಾದರೆ ಮನ ಎನ್ನಬೇಕಿತ್ತು ತಾನೇ ಎಂದು ನಾನು ರೇಗಿದೆ. ‘ನಿಮ್ಮ ಬಾಯಲ್ಲಿ ನಮ್ಮ ಅಂತ ಬಂದಾಗೆಲ್ಲ ನಂಗೆ ಮಾ ಅಂತ್ಲೇ ಕೇಳ್ಸಿರೋದು ಅತ್ತೆ. ಅಭ್ಯಾಸ ಆಗ್ಬುಟ್ಟೈತೆ’ ಎಂದು ಹೇಳಿ ನೀನು ನಿಮ್ಮಮ್ಮನ ಮನೆ ಕಡೆ ನಡೆದೆ. ವ್ಯಾನು ನಿನ್ನನ್ನು ಬಿಟ್ಟು ಬಂತು.

ಅಂದಿನಿಂದ ನನಗೆ ಯಾವುದೂ ಸರಿಯಾಗಿ ತಿಳಿಯುತ್ತಿಲ್ಲ. ಮೊನ್ನೆ ಸಮಿತಿಯ ಜಯರಾಮು ಬಂದು ‘ಪಾವಗಡ ಬುಟ್ಟು ಮೂರೇ ತಾಲ್ಲೂಕು ಕೇಳಣ ಕಣಕ್ಕ, ಆ ಎಕ್ಕಡ ಅನ್ನೋ ತೆಲುಗ್ರ ಸಹವಾಸ ಬ್ಯಾಡ’ ಎಂದ. ‘ಅಂಗಾದ್ರೆ ನನ್ನ ಸೊಸೇನ ಯಾವ ಜಿಲ್ಲೇಲಿ ಇಡ್ತೀಯ?’ ಎಂದು ಕೇಳಿದೆ. ಕಾಫಿ ಕುಡಿದು ಎದ್ದುಹೋದ. ಅವನನ್ನೇನು ಅನ್ನುವುದು, ನನಗೇ ನನ್ನ ಜಿಲ್ಲೆ ಗೊತ್ತಿಲ್ಲ. ಪಹಣಿಯಲ್ಲಿ ತುಮಕೂರು ಜಿಲ್ಲೆ ಎಂದಿದೆ. ದೆಹಲಿಗೆ ಕಳಿಸುವ ಎಂಪಿಗೆ ಓಟು ಹಾಕುವಾಗ ನೀವೂ ನಾವೂ ಚಿತ್ರದುರ್ಗದವರು. ಮಕ್ಕಳ ಪರೀಕ್ಷೆಯ ಫಲಿತಾಂಶ ಬಂದಾಗ ಪೇಪರಿನಲ್ಲಿ ಮಧುಗಿರಿಯೇ ಒಂದು ಜಿಲ್ಲೆ. ಮೋಹನನ ಬಸ್ಸು ನಮ್ಮ ಜಿಲ್ಲೆಯಿಂದ ಹೊರಟು ಆಂಧ್ರದೊಳಗೆ ಹೊಕ್ಕು ಮತ್ತೆ ನಮ್ಮ ಜಿಲ್ಲೆಗೇ ಇಳಿಯುತ್ತದೆ. ಆ ನಡುವಿನ ಮಡಕಶಿರಾದವರನ್ನು ಅನಂತಪುರ ಜಿಲ್ಲೆಯಿಂದ ತೆಗೆದು ಹೊಸ ಜಿಲ್ಲೆಗೆ ಸೇರಿಸಿದರು, ಅವರ ಕುರಿಗಳಿಗೆ ಏನೂ ತಿಳಿಯಲಿಲ್ಲ. ಬಹುಶಃ ಕುರಿಗಳೇ ಬುದ್ಧಿವಂತವು.

ಜಿಲ್ಲೆ ಹೋಗಲಿ, ಅದು ಸರ್ಕಾರದ್ದು. ಮನೆ? ನಮ್ಮ ಮನೇಲಿ ಸಾರಿಗೆ ಇಷ್ಟು ಹುಣಸೆಹುಳಿ ಹಾಕಲ್ಲ ಎಂದಿದ್ದೇನೆ, ನಿಜ. ಅದು ಸೊಸೆಗೆ ಕಲಿಸುವ ಮಾತು, ಹೊರಗಿಡುವ ಮಾತಲ್ಲ. ಆಪರೇಷನ್ ಆದ ಮೇಲೆ ಅಮ್ಮನನ್ನು ಇಲ್ಲಿ ಇಟ್ಟುಕೊಳ್ಳಲೇ, ಅಲ್ಲಿ ಒಬ್ಬಳೇ ಇದ್ದಾಳೆ ಎಂದು ನೀನು ಕೇಳಿದಾಗ ‘ನಮ್ಮ ಮನೇಲಿ ಬೀಗರು ಬಂದು ಉಣ್ಣೋದುಂಟು, ಉಳಿಯೋದಿಲ್ಲ ಕಣಮ್ಮ’ ಎಂದೆ. ಹೆಣ್ಣು ಕೊಟ್ಟ ಮನೆಯಲ್ಲಿ ತಾಯಿ ಉಳಿಯಬಾರದು ಎಂಬುದು ನಾನು ಮಾಡಿದ ಪದ್ಧತಿಯಲ್ಲ. ನನ್ನ ತಾಯಿಯೂ ಈ ಮನೆಯಲ್ಲಿ ಒಂದು ರಾತ್ರಿ ಮಲಗಲಿಲ್ಲ, ಕೊನೆಯ ಬಸ್ಸಿಗೆ ಓಡುತ್ತಿದ್ದಳು. ಆದರೆ ನಿನ್ನ ಆ ಎರಡು ಪದಗಳನ್ನು ಇಟ್ಟು ನೋಡಿದರೆ ಲೆಕ್ಕ ಕೂಡುವುದಿಲ್ಲ. ನಾನು ಅಂದದ್ದು ಮಾ ಆದರೆ ನೀನು ಈ ಮನೆಯವಳಲ್ಲ. ಮನ ಆದರೆ ನಿನ್ನ ಮನೆಯಲ್ಲಿ ನಿನ್ನ ತಾಯಿ ಉಳಿಯಬಾರದೆನ್ನಲು ನಾನು ಯಾರು? ಕನ್ನಡದಲ್ಲಿ ಈ ಕಷ್ಟ ಬರುತ್ತಲೇ ಇರಲಿಲ್ಲ. ಇದರಲ್ಲಿ ಯಾವುದು ಸರಿ ಎಂದು ನೀನೇ ಬರೆ. ಬರುವುದು ಬಿಡುವುದು ನಿನ್ನಿಷ್ಟ. ನಾನು ಕರೆಯುವುದಿಲ್ಲ.

ನಿಮ್ಮಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ರಂಗನಾಥಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ಲಕ್ಕಮ್ಮ ಸಣ್ಣರಂಗಯ್ಯ

ತಾ.ಕ.: ಸೋಮವಾರ ಬೆಳಗ್ಗೆ. ನಿನ್ನೆ ಮೋಹನನಿಗೆ ರಜೆ, ಕಾಗದ ಇಲ್ಲೇ ಉಳಿಯಿತು. ಈಗ ಬಸ್ಸಿಗೆ ಹೊತ್ತಾಯಿತು ಎಂದು ಕುಣಿಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ನಿಮ್ಮಮ್ಮನಿಗೆ ಫೋನ್ ಮಾಡಿದೆ. ನೀನು ನೀರಿಗೆ ಹೋಗಿದ್ದೆಯಂತೆ. ಮೋಹನ ಬಾಯಿಪಾಠ ಮಾಡಿಸಿದ ತೆಲುಗಿನಲ್ಲಿ ‘ಅನಸೂಯನಿ ಮನ ಇಂಟಿಕಿ ಪಂಪಂಡಿ’ ಎಂದೆ, ನಿನ್ನನ್ನು ನಮ್ಮ ಮನೆಗೆ ಕಳಿಸಿ ಅಂತ. ಅವರು ‘ಮನ ಇಲ್ಲಾ, ವದಿನಾ?’ ಎಂದರು. ಕರೆಯೋಕೆ ಮನ ಇಲ್ಲವಾ ಎಂದು ಕೇಳುತ್ತಿದ್ದಾರೆ ಅಂದುಕೊಂಡು ‘ಮನ ಐತೆ ಕಣ್ರಮ್ಮ, ನೀವೂ ಬನ್ನಿ’ ಎಂದುಬಿಟ್ಟೆ. ಅವರು ಅಳತೊಡಗಿದರು. ಇಲ್ಲು ಅಂದರೆ ತೆಲುಗಿನಲ್ಲಿ ಮನೆ, ಅದು ನನಗೂ ಸೇರಿದ ಮನೆಯಾ ಅತ್ತಿಗೆ ಎಂದು ಅವರು ಕೇಳಿದ್ದು ಎಂದು ಮೋಹನ ಆಮೇಲೆ ಹೇಳಿದ. ಹೇಳಿದ ಮೇಲೆ ನಾನೇ ಇನ್ನೊಂದು ಸಲ ಫೋನ್ ಮಾಡಿ, ಕನ್ನಡದಲ್ಲೇ, ಹೌದು ಎಂದೆ. ‘ಅನಸೂಯಂಗೆ ನಾನು ಹೇಳಲ್ಲ, ನೀವೇ ಹೇಳಿ’ ಎಂದರು, ಅದಕ್ಕೇ ಹೇಳುತ್ತಿದ್ದೇನೆ. ಪಾವಗಡ ಬಿಟ್ಟರೆ ನನ್ನ ಹೆಸರೂ ಬಿಡು ಎಂದು ಜಯರಾಮುವಿಗೆ ಹೇಳಿಯಾಯಿತು. ಶಿರಾದ ಕಣ್ಣಿನ ಡಾಕ್ಟರು ಗುರುವಾರ ಬನ್ನಿ ಎಂದಿದ್ದಾರೆ. ನಡುಮನೆಯಲ್ಲಿ ನನ್ನ ಮಂಚದ ಪಕ್ಕದಲ್ಲೇ ಅವರಿಗೂ ಮಂಚ ಹಾಕಿಸಿದ್ದೇನೆ.