ಎಂಟನೆಯ ದೇವದೂತನ ಕಣ್ಣೀರು ಕೆರೆದವರಿಗೆ

ಧರ್ಮಪ್ರಾಂತ್ಯದ ಪುರಾತನ ವಸ್ತುಗಳ ಸಂರಕ್ಷಣಾಧಿಕಾರಿಗಳಾದ ಮಾನ್ಯರೇ,

ನಮ್ಮ ಚರ್ಚಿನಲ್ಲಿ ಕೂಸುಗಳಿಗೆ ಜ್ಞಾನಸ್ನಾನ ಮಾಡಿಸುವ ಕಲ್ಲುತೊಟ್ಟಿಯನ್ನು ನಿಮ್ಮ ಕಚೇರಿ ‘ಶುಚಿಗೊಳಿಸಿ’ ಹಾಳುಮಾಡಿದೆ. ಇದಕ್ಕಿಂತ ಮೆತ್ತನೆಯ ಮಾತು ಬೇಕಿದ್ದರೆ ನೀವೇ ಹುಡುಕಿಕೊಳ್ಳಿ. ಆ ಕಸುಬಿನಲ್ಲಿ ನಿಮ್ಮವರು ನಿಸ್ಸೀಮರು.

ತೊಟ್ಟಿಯ ಹೊಟ್ಟೆಯ ಸುತ್ತ ಕಿತ್ತಳೆ ತೊಳೆಗಳಂಥ ಉಬ್ಬುಗಳಿವೆ, ಅಂಚಿಗೆ ಹುರಿಹಗ್ಗದ ಕೆತ್ತನೆಯಿದೆ, ಅದರ ಕೆಳಗೆ ರೆಕ್ಕೆಯುಳ್ಳ ಎಂಟು ಮಕ್ಕಳ ಮುಖಗಳಿವೆ. ಏಳು ನಗುತ್ತವೆ. ಎಂಟನೆಯವನು ಬಾಯಿ ತೆರೆದು ಅಳುತ್ತಾನೆ; ನಾನೂರೈವತ್ತು ವರ್ಷಗಳಿಂದ ಊರು ಅವನನ್ನು ಅಳುಬುರುಕ ಎಂದೇ ಕರೆಯುತ್ತಿದೆ. ಅವನ ಬಲಗಣ್ಣಿನ ಕೆಳಗೆ ಕಲ್ಕುಟಿಗ ಬೇಕೆಂದೇ ಎರಡು ಹನಿಗಳನ್ನು ಕೆತ್ತಿದ್ದ. ಅವು ನೀರಿನ ಸುಣ್ಣ ಕಟ್ಟಿದ ಗಂಟುಗಳೆಂದು ತೀರ್ಮಾನಿಸಿ ನಿಮ್ಮ ತಜ್ಞರು ಕೆರೆದು ಹಾಕಿದರು. ವರದಿಯಲ್ಲಿ ಈಗ ಅವನು ‘ಹಾಡುವ ದೇವದೂತ’! ಶತಮಾನಗಳ ಅಳುವನ್ನು ಒಂದೇ ಮಧ್ಯಾಹ್ನದಲ್ಲಿ ಸಂಗೀತ ಮಾಡಿದ ಪಾಂಡಿತ್ಯಕ್ಕೆ ಯಾವ ಪದಕ ಕೊಡೋಣ? ಚೌಕದ ಪಾನಗೃಹದ ತಿಯೊಫಿಲೊ ಹೇಳಿದ: “ಸದ್ಯ, ಶಿಲುಬೆ ಮೇಲಿನ ಸ್ವಾಮಿಗೆ ಇವರ ಕೈ ತಾಗಲಿಲ್ಲ. ಗಾಯ ಕಂಡಿದ್ರೆ ಕಲೆ ಅಂತ ಉಜ್ಜಿಬಿಡ್ತಿದ್ರು.”

ಅಂದು ಚರ್ಚಿನ ಬೀಗ ತೆಗೆದವಳು ನಾನೇ. ನಿಮ್ಮವರಿಗೆ ಬಿಸಿ ಬೆಳ್ಳುಳ್ಳಿ ಸಾರು ಕೊಟ್ಟು, ಆ ಹನಿಗಳನ್ನು ಮುಟ್ಟಬೇಡಿ ಎಂದೆ. ಕಲ್ಲಿನ ವಿಷಯ ನಮಗೆ ಬಿಡಿ ಎಂದರು. ಸಾರಿನ ವಿಷಯ ಮಾತ್ರ ನನಗೆ ಬಿಟ್ಟು ಎರಡು ಸಲ ಬಡಿಸಿಕೊಂಡರು.

ಆ ಹನಿಗಳು ಏನೆಂದು ಯಾರಾದರೂ ಕೇಳಿದಿರಾ? ಹಿಂದೆ ಜ್ಞಾನಸ್ನಾನವಾಗದೆ ಸತ್ತ ಕೂಸನ್ನು ಸ್ಮಶಾನದ ಗೋಡೆಯಾಚೆ ಹೂಳುತ್ತಿದ್ದರು. ಆ ನಿಯಮ ಮಾಡಿದವರೂ ನಿಮ್ಮಂಥ ಅಧಿಕಾರಿಗಳೇ. ಅಂಥ ಕೂಸನ್ನು ಕಳೆದುಕೊಂಡ ತಾಯಿ, ಮುಂದಿನ ಮಗುವಿನ ಜ್ಞಾನಸ್ನಾನದ ದಿನ, ಹೆಬ್ಬೆರಳನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ಆ ಹನಿಗಳನ್ನು ಸವರುತ್ತಾಳೆ. ಹೋದ ಮಗುವಿನ ಪಾಲಿನ ನೀರು ಅದು. ಅಷ್ಟು ಹೊತ್ತು ಪಾದ್ರಿಗಳು ಕಂಡೂ ಕಾಣದವರಂತೆ ಪುಸ್ತಕದಲ್ಲಿ ಪುಟ ಹುಡುಕುತ್ತಿರುತ್ತಾರೆ. ನನ್ನ ತಾಯಿಯೂ ನನ್ನ ಅಣ್ಣನಿಗಾಗಿ ಹೀಗೆ ಸವರಿದ್ದಳು.

ಕಳೆದ ಭಾನುವಾರ ನನ್ನ ತಮ್ಮನ ಮಗಳು ಲಿಯೊಕಾಡಿಯಾ ತನ್ನ ಎರಡನೆಯ ಮಗುವನ್ನು ಪಟ್ಟಣದಿಂದ ತಂದಳು. ಮೊದಲನೆಯದು ಹುಟ್ಟಿದ ಗಂಟೆಯಲ್ಲೇ ಹೋಗಿತ್ತು. ಏನಾಗಿದೆಯೆಂದು ಅವಳಿಗೆ ಮೊದಲೇ ಹೇಳುವ ಧೈರ್ಯ ನನಗಾಗಲಿಲ್ಲ. ಒದ್ದೆ ಹೆಬ್ಬೆರಳನ್ನು ಆ ಕೆನ್ನೆಗೆ ಇಟ್ಟಳು, ಹುಡುಕಿದಳು, ಮತ್ತೆ ಹುಡುಕಿದಳು. ಪಾದ್ರಿಗಳ ಪುಸ್ತಕದಲ್ಲಿ ಪುಟಗಳೇ ಮುಗಿದವು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಅತ್ತೆ, ಅಳುಬುರುಕನೂ ಮರೆತುಬಿಟ್ನಾ?”

ಉತ್ತರ ನಿಮ್ಮಲ್ಲಿದೆಯೇ, ಮಾನ್ಯರೇ?

ಹೊಸ ಹನಿ ಕೆತ್ತಿಸುತ್ತೇವೆಂದು ಮಾತ್ರ ಬರಬೇಡಿ. ನಿಮ್ಮ ಕಚೇರಿಯ ಕಣ್ಣೀರು ನಮಗೆ ಬೇಡ. ವರದಿಯಲ್ಲಿ ‘ಹಾಡುವ’ ಎಂಬುದನ್ನು ಹೊಡೆದು ‘ಅಳುವ’ ಎಂದು ಬರೆಯಿರಿ. ಅದರ ಕೆಳಗೆ ‘ಅಳಿಸಿದವರು ನಾವು’ ಎಂದು ಸೇರಿಸಿ ರುಜು ಹಾಕಿ. ಆ ಮಾತಿಗೆ ಎರಡು ಅರ್ಥಗಳಿವೆ. ಎರಡೂ ನಿಮಗೇ ಸಲ್ಲುತ್ತವೆ.

ಇಂತಿ,
ನಿಮಗೆ ಬೀಗ ತೆಗೆದುಕೊಟ್ಟ ತಪ್ಪಿತಸ್ಥೆ,
ಒಬ್ದುಲಿಯಾ
ಫ್ವೆಂತೆಸೋರ್ದಾ ಚರ್ಚಿನ ಬೀಗದಕೈಯವಳು