ಪಾದೇಕ್ ಹಾಕದ ಹೀರೇಕಾಯಿ ಸಾರು

ಬಾನ್ ನಾಸೇಂಗ್, ಸವನ್ನಖೇತ್
ದೋಣಿ ಪಂದ್ಯ ಮುಗಿದ ಮರುವಾರ, ಗುರುವಾರ

ಪ್ರೀತಿಯ ಮಗಳೇ ಲತ್ಸಮಿ,

ನಿನ್ನ ಗಂಡನ ಕೈಬರಹ ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನನ್ನ ಕಣ್ಣಿನ ಪೊರೆ ಬಲಿತು ಅಕ್ಷರಗಳು ಗೆರೆಯ ಮೇಲೆ ಕೂರುತ್ತಿಲ್ಲ, ಅದಕ್ಕೆ ವನ್ಸಾಯ್‌ನನ್ನು ಚಾಪೆಯ ಮೇಲೆ ಕೂರಿಸಿ ಬರೆಸುತ್ತಿದ್ದೇನೆ. ಕೈ ಅವನದು, ಮಾತು ನನ್ನದು. ತನ್ನ ವಿಷಯ ಬಂದಾಗ ಒಂದಕ್ಷರವನ್ನೂ ನುಂಗಬಾರದು ಎಂದು ಮೊದಲೇ ಆಣೆ ಮಾಡಿಸಿಕೊಂಡಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು ಊಟ ಆಯಿತಾ ಎನ್ನುತ್ತೀಯ, ನಾನು ಆಯಿತು ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ.

ಹೊಲಿಗೆ ತರಬೇತಿ ಮುಗಿದ ಮೇಲೂ ವಿಯೆಂಟಿಯಾನ್‌ನಲ್ಲೇ ನಿಲ್ಲುತ್ತೇನೆ, ಒಂದು ಕೋಣೆ ನೋಡಿದ್ದೇನೆ, ಇವನನ್ನು ಅಲ್ಲಿಗೇ ಕರೆಸಿಕೊಳ್ಳಲೇ ಎಂದು ಕೇಳಿದ್ದೀಯ. ಹೊಲಿಗೆಯ ಕೆಲಸ ಇಲ್ಲೂ ಸಿಗುತ್ತದೆ, ಅದು ನಿನಗೂ ಗೊತ್ತು. ಕಾರಣ ನನ್ನ ಅಡುಗೆ. ಹೊರಡುವ ದಿನ ನೀನು ಸಿಟ್ಟಿನಲ್ಲಿ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ನಿನ್ ಅಡುಗೆಮನೇಲಿ ಅವ್ರು ಬದುಕಲ್ಲ ಕಣಮ್ಮ." ಕಿರಿಮಗಳ ಗಂಡ ಅತ್ತೆಯ ಮನೆಯಲ್ಲೇ ಇರುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಅಳಿಯ ಮನೆ ಬಿಟ್ಟ ಎಂದರೆ ಊರೆಲ್ಲ ಅತ್ತೆಯ ಮುಖ ನೋಡುತ್ತದೆ. ಆದರೂ ನಾನು ಬೇಡ ಎನ್ನುವುದಿಲ್ಲ. ಕರೆದುಕೊಂಡು ಹೋಗು. ನಿನಗೋ ಅಂಟಕ್ಕಿ ಹಬೆಗೆ ಇಡುವುದೊಂದು ಬಿಟ್ಟರೆ ಏನೂ ಬಾರದು. ಅವನಿಗೆ ಏನು ಬೇಯಿಸಬೇಕು, ಹೇಗೆ ಬೇಯಿಸಬೇಕು ಎಂದು ಹೇಳಿಕೊಡುವುದಕ್ಕೇ ಈ ಕಾಗದ.

ಇವನಿಗೆ ಆ ಕೆಟ್ಟ ಜ್ವರ ಬಂದುಹೋದ ಮೇಲೆ, ಊಟ ಮುಗಿಯುವಷ್ಟರಲ್ಲಿ ಮುಖ ಕೆಂಪಾಗಿ, ಮೈಯೆಲ್ಲ ತುರಿಸಿ, ತಲೆ ಹಿಡಿದುಕೊಂಡು ಮಲಗುತ್ತಿದ್ದಾಗ ನಾನು ಕದ್ದು ಕುಡಿದಿದ್ದಾನೆ ಎಂದುಕೊಂಡಿದ್ದೆ. (ಬರೆಯುತ್ತಾ ನಗುತ್ತಿದ್ದಾನೆ ನೋಡು.) ನದಿಯಾಚೆಯ ವೈದ್ಯರು ಹಿಸ್ಟಮಿನ್ ಎಂದು ಹೆಸರು ಹೇಳಿದಾಗಲೂ ನನ್ನ ತಲೆಗೆ ಹೋಗಲಿಲ್ಲ. ಈಗ ಹೋಗಿದೆ. ಹುದುಗಿದ್ದು, ಉಪ್ಪು ಹಾಕಿ ಒಣಗಿಸಿದ್ದು, ಮಾಡಿಟ್ಟು ಆಮೇಲೆ ತಿಂದದ್ದು, ಇವುಗಳಲ್ಲೆಲ್ಲ ಅದು ಹೆಚ್ಚಿರುತ್ತದೆ. ನಮ್ಮ ಮೈ ಹೇಗೋ ಅರಗಿಸಿಕೊಳ್ಳುತ್ತದೆ, ಅವನ ಮೈಗೆ ಆಗುವುದಿಲ್ಲ. ಸೊಕ್ಕೂ ಅಲ್ಲ, ನಾಟಕವೂ ಅಲ್ಲ.

ಆದರೆ ಹುದುಗಿದ್ದು ಬೇಡ ಎಂದರೆ ನನ್ನ ಕೈಗೆ ಉಳಿದದ್ದೇನು ಹೇಳು? ಮೀನಿಗೆ ಉಪ್ಪು, ತೌಡು ಬೆರೆಸಿ ವರ್ಷವಿಡೀ ಜಾಡಿಯಲ್ಲಿಟ್ಟು ಕಾಯ್ದ ಪಾದೇಕ್ ಇಲ್ಲದೆ ನಾನು ಒಂದು ಸಾರನ್ನೂ ಒಲೆಯಿಂದ ಇಳಿಸಿದವಳಲ್ಲ. ಊರಿನ ಅರ್ಧ ಮನೆಗಳ ಸಾರು ನನ್ನ ಜಾಡಿಯಿಂದಲೇ ರುಚಿಯಾಗುವುದು. ಅಂಥವಳು ಮೊದಲ ದಿನ ಪಾದೇಕ್ ಬಿಟ್ಟು, ಬರೀ ತರಕಾರಿ ಏನು ಮಾಡೀತು ಎಂಬ ಧೈರ್ಯದಲ್ಲಿ ಬದನೆಕಾಯಿ, ಟೊಮೆಟೊ ಸುಟ್ಟು ಕುಟ್ಟಿ ಚಟ್ನಿ ಮಾಡಿ ಬಡಿಸಿದೆ. ಬಾಯಿ ಚಪ್ಪರಿಸಿಕೊಂಡು ತಿಂದ. ಸಂಜೆಗೆ ಮೈತುಂಬ ದದ್ದು. ಆ ಎರಡು ತರಕಾರಿಯೂ ಅವನಿಗೆ ಆಗುವುದಿಲ್ಲವಂತೆ, ಅವುಗಳಲ್ಲೂ ಅದೇ ಇರುತ್ತದಂತೆ.

ಇನ್ನೊಂದು ದಿನ ಅದ್ಯಾವುದೂ ಇಲ್ಲದೆ, ಆಗ ತಾನೇ ಕೊಯ್ದ ಕೋಳಿಯ ನಾಲ್ಕು ಚೂರು ಹಾಕಿ ಸೋರೆಕಾಯಿ ಸಾರು ಮಾಡಿದೆ. ತಿಂದ, ಏನೂ ಆಗಲಿಲ್ಲ. ಆ ಖುಷಿಗೆ ಉಳಿದದ್ದನ್ನು ಮರುದಿನ ಚೆನ್ನಾಗಿ ಕುದಿಸಿ ಮತ್ತೆ ಬಡಿಸಿದೆ. ಎರಡನೆಯ ದಿನದ ಸಾರಿಗೆ ನೀವು ಅಕ್ಕತಂಗಿಯರು ಎಷ್ಟು ಜಗಳ ಆಡುತ್ತಿದ್ದಿರಿ! ಇವನು ಎದೆ ಡವಡವ ಎನ್ನುತ್ತಿದೆ ಎಂದು ಗೋಡೆಗೆ ಒರಗಿ ಕೂತುಬಿಟ್ಟ. ಎಷ್ಟು ಕುದಿಸಿದರೂ ಆ ಹಿಸ್ಟಮಿನ್ ಹೋಗುವುದಿಲ್ಲವಂತೆ. "ಬೇಡ ಅಂತ ಬಾಯಿಬಿಟ್ಟು ಹೇಳೋಕೇನೋ ನಿಂಗೆ" ಎಂದು ಗದರಿದರೆ, "ನೀವು ಅಷ್ಟು ಆಸೆಯಿಂದ ಬಡಿಸಿದ್ರಲ್ಲಮ್ಮ" ಎಂದ. ಇಂಥ ಪೆದ್ದನ ಮೇಲೆ ಯಾರಾದರೂ ಕೋಪ ಮಾಡಿಕೊಳ್ಳುವುದು ಹೇಗೆ? ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ.

ಈಗ ಸರಿಯಾಗಿ ಕೇಳಿಸಿಕೋ. ತರಕಾರಿ ಬೆಳಿಗ್ಗೆ ಕಿತ್ತದ್ದಾಗಿರಬೇಕು. ಆ ಹೊತ್ತಿನ ಅಡುಗೆ ಆ ಹೊತ್ತಿಗೇ ಮುಗಿಯಬೇಕು, ಮಿಕ್ಕಿದ್ದು ನಿನ್ನ ಹೊಟ್ಟೆಗೆ. ಎಳೆ ಹೀರೇಕಾಯಿಯನ್ನು ದಪ್ಪ ಹೆಚ್ಚು. ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆ. ನೀರು ಕುದಿಯುವಾಗ ಜಜ್ಜಿದ ನಿಂಬೆಹುಲ್ಲು, ಸುಟ್ಟ ಈರುಳ್ಳಿ, ಉಪ್ಪು ಹಾಕು. ಅಭ್ಯಾಸಬಲದಿಂದ ಕೈ ಮೀನಿನ ರಸದ ಬಾಟಲಿಯ ಕಡೆ ಹೋಗುತ್ತದೆ, ಅದೂ ಹುದುಗಿದ್ದೇ, ಕೈಗೆ ಒಂದು ಪೆಟ್ಟು ಕೊಡು. ನೆನೆಸಿದ ಅಂಟಕ್ಕಿ ಕುಟ್ಟಿ ಹಾಕಿದರೆ ಸಾರು ಮಂದವಾಗುತ್ತದೆ. ಹೀರೇಕಾಯಿ ಕೊನೆಗೆ ಹಾಕು, ಕರಗಿಹೋಗಬಾರದು. ಇಳಿಸಿದ ಮೇಲೆ ಕೈತುಂಬ ಸಬ್ಬಸಿಗೆ, ಮೇಲೆ ಹುರಿದ ಅಂಟಕ್ಕಿಯ ಪುಡಿ. ಪಾದೇಕ್ ಬಿಟ್ಟ ಜಾಗವನ್ನು ಆ ಪುಡಿ ಪೂರ್ತಿ ತುಂಬುವುದಿಲ್ಲ, ಆದರೆ ಖಾಲಿಯೂ ಬಿಡುವುದಿಲ್ಲ.

ಸಾರು ಬೇಜಾರಾದ ದಿನ ಸೋರೆಕಾಯಿ ತುರಿದು, ಸಬ್ಬಸಿಗೆ, ತೆಂಗಿನ ಹಾಲು ಕಲಸಿ ಬಾಳೆಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸು. ಹೊಸ ತರಕಾರಿ ಏನೇ ಆದರೂ ಮೊದಲು ಚೂರೇ ಚೂರು ಕೊಟ್ಟು ನೋಡು. ಅವನಿಗೆ ಒರಳು ಬೇರೆ ಇಡು. ನಮ್ಮ ಹಳೆಯ ಒರಳು ಎಷ್ಟು ತೊಳೆದರೂ ಪಾದೇಕ್ ವಾಸನೆ ಬಿಡುವುದಿಲ್ಲ.

ಪಕ್ಕದ ಮನೆಯ ತೊಂಗ್‌ಸಾಯ್ ಚಿಕ್ಕಮ್ಮ ಮೊಮ್ಮಗಳ ಕೈಗೆ ದಾರ ಕಟ್ಟುವ ಶಾಸ್ತ್ರ ಇಟ್ಟುಕೊಂಡಿದ್ದಳು. ನಿನಗೆ ಅದರದ್ದೇ ಹೆದರಿಕೆ ಇತ್ತಲ್ಲ. ಹಿಂದಿನ ಸಲ "ಪಟ್ಟಣದ ಅಳಿಯಂದ್ರಿಗೆ ನಮ್ ಪಾದೇಕ್ ನಾರುತ್ತೇನೋ" ಎಂದು ಅವಳು ಎಲ್ಲರೆದುರು ಚುಚ್ಚಿ, ಇವನು ಮರ್ಯಾದೆಗೆ ಅಂಜಿ ತಿಂದು, ಮನೆಗೆ ಎತ್ತಿಕೊಂಡು ಬರುವಂತಾಗಿತ್ತು. ಈ ಸಲ ಏನೂ ಆಗಲಿಲ್ಲ. ಇವನು ತನ್ನ ಪಾಡಿಗೆ ಬಾಳೆಎಲೆಯ ಪೊಟ್ಟಣ ಬಿಚ್ಚಿಕೊಂಡು ಉಂಡ, ಯಾರೂ ತುಟಿ ಎರಡು ಮಾಡಲಿಲ್ಲ. ಊರಿಗೆ ಬುದ್ಧಿ ಬಂದಿದೆ ಎಂದುಕೋ.

ನನ್ನ ಚಿಂತೆ ನಿನಗೆ ಬೇಡ. ಎಂದಿನಂತೆ ನನ್ನ ಜಾಡಿ, ನನ್ನ ಪಾದೇಕ್, ನನ್ನ ಮೆಣಸಿನಕಾಯಿ ಎಂದು ಹೊಟ್ಟೆತುಂಬ ಉಂಡುಕೊಂಡಿದ್ದೇನೆ. ಕೋಣೆ ಹಿಡಿ. ಒಲೆ ಇಡುವ ಕಡೆ ಕಿಟಕಿ ಇದೆಯೇ, ಹತ್ತಿರದಲ್ಲಿ ಬೆಳಗಿನ ಸಂತೆ ಇದೆಯೇ, ಅಷ್ಟು ನೋಡಿ ಹಿಡಿ. ಹಬ್ಬಕ್ಕೆ ಇಬ್ಬರೂ ಬಂದು ಹೋದರೆ ನನಗೆ ಸಾಕು.

ನಿನ್ನ ಅಮ್ಮ,
ಬುವಾಚನ್

ಮರೆತ ಮಾತು: ಲತ್ಸಮಿ, ಇಲ್ಲಿಂದ ಮಾತೂ ನನ್ನದೇ. ಅಮ್ಮ ಸೊಟ್ಟಗೆ ಸಹಿ ಹಾಕಿ ಹೀರೇಕಾಯಿ ಕೀಳಲು ಹೋಗಿದ್ದಾರೆ. ಆಣೆ ಇಟ್ಟಂತೆ ಎಲ್ಲವನ್ನೂ ಬರೆದಿದ್ದೇನೆ, ಅವರ ಸುಳ್ಳುಗಳನ್ನೂ.

ಶಾಸ್ತ್ರದ ದಿನ ಚಿಕ್ಕಮ್ಮ ನನ್ನ ಪೊಟ್ಟಣ ನೋಡಿ ಮತ್ತೆ ಶುರು ಮಾಡಿದ್ದರು. ಅಮ್ಮ ತಮ್ಮ ಮುಂದಿದ್ದ ಬಟ್ಟಲನ್ನು ಆಚೆ ತಳ್ಳಿ, "ಕಾಯಿಲೆ ನಂದು ಕಣೇ ತೊಂಗ್‌ಸಾಯ್. ಪಾದೇಕ್ ಮುಟ್ಲೇಬೇಡ ಅಂದಿದ್ದಾರೆ ಡಾಕ್ಟ್ರು. ಅತ್ತೆ ಒಬ್ಳೇ ಸಪ್ಪೆ ಉಣ್ಬಾರ್ದು ಅಂತ ಈ ಹುಡ್ಗ ತಾನೂ ಬಿಟ್ಟಿದ್ದಾನೆ. ನಿನ್ ಅಳಿಯ ಬಿಡ್ತಾನಾ, ಕೇಳು" ಎಂದುಬಿಟ್ಟರು. ಈಗ ಊರಿನಲ್ಲಿ ನನ್ನಂಥ ಅಳಿಯ ಇನ್ನೊಬ್ಬನಿಲ್ಲ. ಆ ಮಾತು ಉಳಿಸಿಕೊಳ್ಳಲು ಅಮ್ಮ ಅಂದಿನಿಂದ ಪಾದೇಕ್ ಬಾಯಿಗಿಟ್ಟಿಲ್ಲ. ಜಾಡಿಗಳೆಲ್ಲ ಚಿಕ್ಕಮ್ಮನ ಮನೆ ಸೇರಿವೆ. ನಿನ್ನೆ ಮಧ್ಯಾಹ್ನ ಅವರ ಹಿತ್ತಲಿನಲ್ಲಿ ಅಮ್ಮ ಒಂದು ಜಾಡಿಯ ಮುಚ್ಚಳ ತೆಗೆದು, ಮುಖ ಬಗ್ಗಿಸಿ, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ನನ್ನನ್ನು ಕಂಡು "ಹುಳ ಬಿದ್ದಿದ್ಯಾ ಅಂತ ನೋಡ್ದೆ" ಎಂದರು. ಆಮೇಲೆ ಮನೆಗೆ ಬಂದು ನನ್ನ ಜೊತೆ ಕೂತು ಅದೇ ಹೀರೇಕಾಯಿ ಸಾರು ಉಂಡರು.

ಕೋಣೆ ಬೇಡ ಎಂದು ಹೇಳಿಬಿಡು. ನಾನು ಈ ಮನೆ ಬಿಟ್ಟು ಬರುವುದಿಲ್ಲ, ತರಬೇತಿ ಮುಗಿದ ಕೂಡಲೇ ನೀನೇ ಬಸ್ಸು ಹತ್ತು. ಬರುವಾಗ ಅಲ್ಲಿನ ಸಂತೆಯಿಂದ ಒಂದು ಡಬ್ಬಿ ಪಾದೇಕ್ ತಾ, ಮುಚ್ಚಳ ಬಿಗಿಯಾಗಿರಲಿ. ನೀನು ಒಳಗೆ ಅಮ್ಮನಿಗೆ ಬಡಿಸು. ಚಿಕ್ಕಮ್ಮ ಬರದಂತೆ ಬಾಗಿಲಲ್ಲಿ ನಾನು ಕಾವಲು ಕೂರುತ್ತೇನೆ.

ವನ್ಸಾಯ್