ಸೊಟ್ಟ ಸಾಲಿನ ಜೋಳ

ನನ್ನ ಹಡೆದವ್ವನಿಗೆ,

ಅಲ್ಲಿ ಮೇಲೆ ನಿನಗೆ ಹೊಲ ಕೊಟ್ಟಿದ್ದಾರೋ ಇಲ್ಲವೋ. ಕೊಡದಿದ್ದರೆ ಇಷ್ಟರಲ್ಲಿ ಜಗಳ ತೆಗೆದಿರುತ್ತೀ. ಬಾಗೇವಾಡಿಯ ನನ್ನ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನಗೆ ಓದಲು ಬರುವುದಿಲ್ಲ, ಅಪ್ಪನಿಂದ ಓದಿಸಿಕೋ.

ಎಪ್ಪತ್ತೆರಡರ ಬರ ಕಳೆದ ಮರುವರ್ಷ ನೆನಪಿದೆಯಾ? ತಂಗಡಗಿಯ ನಮ್ಮ ಎರೆಹೊಲಕ್ಕೆ ಹಿಂಗಾರಿ ಮಳೆ ಒಳ್ಳೆಯ ಹದ ಕೊಟ್ಟಿತ್ತು. ಅದೇ ವಾರ ಅಪ್ಪ ಜ್ವರದಲ್ಲಿ ತೀರಿಹೋದ. ಅವನ ದಿವಸದ ಕಾರ್ಯ ಮುಗಿಸುವಷ್ಟರಲ್ಲಿ ನೆಲದ ಹಸಿ ಆರತೊಡಗಿತ್ತು. ಮುಯ್ಯಾಳು ಕರೆಯೋಣವೆಂದರೆ ತಿರುಗಿ ಕಳಿಸಲು ನಮ್ಮಲ್ಲಿ ಗಂಡಾಳಿಲ್ಲ. ಗಂಡ ಸತ್ತವಳು ಬೀಜ ಮುಟ್ಟಬಾರದು, ಹೆಂಗಸು ಬಿತ್ತುವ ಕೂರಿಗೆ ಹಿಡಿಯಬಾರದು ಎಂಬುದು ಊರಿನ ಕಟ್ಟಳೆ. ಹಾಗಾದರೆ ವರ್ಷವಿಡೀ ನಾವು ಯಾರ ಮನೆಯ ರೊಟ್ಟಿಗೆ ಕಾಯುತ್ತ...

ಆ ಬೆಳಿಗ್ಗೆ ನೀನು ಎತ್ತು ಹೂಡಿದ್ದನ್ನು ಕಂಡು ಪಕ್ಕದ ಹೊಲದ ಚಂದಪ್ಪ ಕಾಕಾ ಓಡಿ ಬಂದ.

"ಏನ್ ಮಾಡಾಕತ್ತಿ ತಂಗಿ? ಹೆಣ್ಮಕ್ಳು ಕೂರಿಗಿ ಹಿಡಿಯೂದು ಎಲ್ಲಿ ಕಂಡೀದಿ?"

"ಬೀಜ ನಾ ಮುಟ್ಟೂದಿಲ್ರಿ ಅಣ್ಣಾರ, ಮಗಳು ಹಾಕ್ತಾಳ. ಕೂರಿಗಿ ಹಿಡಿದವ್ರು ಗಂಡೋ ಹೆಣ್ಣೋ ಅಂತ ಎತ್ತು ಕೇಳ್ತಾವೇನ್ರಿ?"

ನೀನು ನನ್ನ ಉಡಿಗೆ ಬೀಜದ ಜೋಳವನ್ನು ಕಾಕಾನ ಹೆಂಡತಿಯಿಂದಲೇ ಕಟ್ಟಿಸಿದೆ. ಊರನ್ನೇ ಎದುರು ಹಾಕಿಕೊಂಡವಳು ಬೀಜ ಮುಟ್ಟುವುದೊಂದಕ್ಕೆ ಯಾಕೆ ಹೆದರಿದೆ ಅವ್ವ? ಬೆಳೆ ಕೈಕೊಟ್ಟರೆ ನಿನ್ನನ್ನು ದೂರುತ್ತಾರೆಂದೋ, ಇಲ್ಲ ನಿನಗೇ ಒಳಗೊಳಗೆ...

ಕೂರಿಗೆ ಒತ್ತಿದರೆ ಎತ್ತು ನಿಲ್ಲುತ್ತಿದ್ದವು, ಸಡಿಲ ಬಿಟ್ಟರೆ ಓಡುತ್ತಿದ್ದವು. ನಾನು ಹಿಂದೆ ಹಿಂದೆ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಬಂದೆ. ನಿನ್ನ ಅಂಗೈಯ ಬೊಬ್ಬೆ ಒಡೆದು ಹಿಡಿಕೆಗೆ ಅಂಟುತ್ತಿತ್ತು. ನೀನು ಸೆರಗು ಹರಿದು ಸುತ್ತಿಕೊಂಡೆ.

"ಅವ್ವಾ, ಸಾಕ ಬಿಡು. ಉಳಿದದ್ದು ನಾಳಿ."

"ನಾಳಿ ತನಾ ಹಸಿ ಇರ್ತೈತೇನು? ನಡಿ ಸುಮ್ಮನ."

ಕೊನೆಯ ಸಾಲಿಗೆ ನಿನಗೆ ಕಾಲು ಎತ್ತಿಡಲು ಆಗುತ್ತಿರಲಿಲ್ಲ, ಎತ್ತುಗಳೇ ನಿನ್ನನ್ನು ಎಳೆದುಕೊಂಡು ಹೋದವು. ಹೊತ್ತು ಮುಳುಗುವಾಗ ಹೊಲ ಮುಗಿದಿತ್ತು. ನೀನು ಬದುವಿನ ಮೇಲೆ ಕುಳಿತು, ಅಪ್ಪ ಸತ್ತ ಮೇಲೆ ಮೊದಲ ಸಲ ಅತ್ತೆ.

ಜೋಳ ಹುಟ್ಟಿದಾಗ ಊರೆಲ್ಲ ನಕ್ಕಿತು. ಒಂದೂ ಸಾಲು ನೆಟ್ಟಗಿರಲಿಲ್ಲ. ಮುದ್ದೇಬಿಹಾಳದ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಸಾಲಿನ ನಡುವಿನ ಕಳೆ ತೆಗೆಯಲು ಎಡೆಕುಂಟೆ ಹೊಡೆಯುತ್ತೇನೆಂದು ಕಾಕಾ ತಾನಾಗಿ ಬಂದ. ತುಸು ದೂರ ಹೋಗುವಷ್ಟರಲ್ಲಿ ಜೋಳದ ಸಸಿಗಳೇ ಕಿತ್ತು ಬಂದವು. "ನಿನ್ನ ಸಾಲು ನಿನಗ ತಿಳೀಬೇಕವಾ, ನೀನ ಹೊಡಿ" ಎಂದು ಹಗ್ಗ ನಿನ್ನ ಕೈಗಿಟ್ಟ. ಆ ಮೇಲೆ ನೀನು ಕುಂಟೆ ಹಿಡಿದರೂ ಕೂರಿಗೆ ಹಿಡಿದರೂ ಯಾರೂ ತಕರಾರು ತೆಗೆಯಲಿಲ್ಲ. ಆ ಸುಗ್ಗಿಗೆ ನೆಲದಡಿಯ ನಮ್ಮ ಕಾಳಿನ ಹಗೇವು ತುಂಬಿತು. ಆದರೂ ಸಾಯುವವರೆಗೆ ನೀನು ಬೀಜಕ್ಕೆ ಕೈ ಹಚ್ಚಲಿಲ್ಲ. ಅದು ನನಗೆ ಈಗಲೂ ನೋಯುತ್ತದೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಕಳೆದ ಬೇಸಿಗೆಯಲ್ಲಿ ನಿನ್ನ ಅಳಿಯ ತೀರಿಕೊಂಡರು. ಈ ಹಿಂಗಾರಿ ಬಿತ್ತಲು ಟ್ರ್ಯಾಕ್ಟರ್ ಬಂದಾಗ ನಾನು ದೂರ ಸರಿದು ನಿಂತಿದ್ದೆ. ಸೊಸೆ ಬೀಜದ ಬುಟ್ಟಿ ತಂದು ನನ್ನ ಮುಂದೆ ಹಿಡಿದಳು.

"ಮೊದಲ ನೀವು ಹಾಕ್ರಿ ಅತ್ತಿ."

"ನಾ ಹಾಕಬಾರದವಾ."

"ಯಾಕ್ರಿ? ಹೊಲ ನಿಮ್ಮದಲ್ಲೇನು?"

ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ. ಬೊಗಸೆ ತುಂಬ ಬೀಜ ತೆಗೆದು ಟ್ರ್ಯಾಕ್ಟರಿನ ಕೂರಿಗೆಗೆ ಹಾಕಿದೆ.

ನಿನ್ನೆ ಹೋಗಿ ನೋಡಿ ಬಂದೆ ಅವ್ವ. ಎಲ್ಲ ಹುಟ್ಟಿದೆ.

ನಿನ್ನ ಮಗಳು